ನಕಲಿ ಸಂಶೋಧನಾ ಪತ್ರಿಕೆಗಳ ಹಾವಳಿ: ಯುಜಿಸಿ ಪಟ್ಟಿ ಹೋಯಿತು, ಇನ್ನು ಅಸಲಿ ಗುರುತಿಸುವುದು ಹೇಗೆ?

ಪುಣೆ: ‘ಲೇಖನ ಕಳುಹಿಸಿ, ಮೂರೇ ದಿನದಲ್ಲಿ ಪ್ರಕಟಿಸುತ್ತೇವೆ’. ಕಾಲೇಜುಗಳು ತುಂಬಿರುವ ಕಾತ್ರಜ-ಧನಕವಡಿಯಿಂದ ಕಲಬುರಗಿಯವರೆಗೆ, ಪಿಎಚ್.ಡಿ ವಿದ್ಯಾರ್ಥಿಗಳಿಗೆ ಇಂಥ ಇಮೇಲ್ ಹೊಸದೇನಲ್ಲ. ತಜ್ಞರ ಪರಿಶೀಲನೆಯೇ ಇಲ್ಲದೆ, ಹಣ ಪಡೆದು ಏನನ್ನಾದರೂ ಅಚ್ಚು ಹಾಕುವ ಇವುಗಳನ್ನು ‘ಪ್ರೆಡೇಟರಿ ಜರ್ನಲ್’ ಎನ್ನುತ್ತಾರೆ.

ಪುಣೆ ಅಧ್ಯಯನ ಹೇಳಿದ್ದೇನು?

ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2017ರಲ್ಲಿ ಮಾನ್ಯ ಪತ್ರಿಕೆಗಳ ಪಟ್ಟಿ ಪ್ರಕಟಿಸಿತ್ತು. ಅದರಲ್ಲಿ ವಿಶ್ವವಿದ್ಯಾಲಯಗಳ ಶಿಫಾರಸಿನಿಂದ ಸೇರಿದ್ದ 1009 ಪತ್ರಿಕೆಗಳನ್ನು ಪುಣೆಯ ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯದ ಭೂಷಣ್ ಪಟವರ್ಧನ್ ಮತ್ತು ಸಂಗಡಿಗರು ಪರಿಶೀಲಿಸಿದರು. 2018ರಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ನಲ್ಲಿ ಬಂದ ವರದಿಯ ಪ್ರಕಾರ, ಶೇ 88ರಷ್ಟು ಪತ್ರಿಕೆಗಳ ಗುಣಮಟ್ಟ ಕಳಪೆ. ಶೇ 34.5ರಷ್ಟು ಪತ್ರಿಕೆಗಳಲ್ಲಿ ವಿಳಾಸ, ಸಂಪಾದಕರ ಹೆಸರಿನಂಥ ಮೂಲ ಮಾಹಿತಿಯೇ ಇರಲಿಲ್ಲ ಅಥವಾ ತಪ್ಪಾಗಿತ್ತು.

ಅದೇ ವರ್ಷ ಮೇ ತಿಂಗಳಲ್ಲಿ ಯುಜಿಸಿ 4,305 ಪತ್ರಿಕೆಗಳನ್ನು ಕೈಬಿಟ್ಟಿತು. 2019ರಲ್ಲಿ ‘ಯುಜಿಸಿ-ಕೇರ್’ ಎಂಬ ಹೊಸ ಪಟ್ಟಿ ಬಂತು. ಅದನ್ನು ನೋಡಿಕೊಳ್ಳುವ ಹೊಣೆಯೂ ಪುಣೆ ವಿಶ್ವವಿದ್ಯಾಲಯಕ್ಕೇ ಸಿಕ್ಕಿತು. ಆದರೆ ಪಟ್ಟಿಯಲ್ಲಿರುವ ಪತ್ರಿಕೆಗಳ ಹೆಸರಿನಲ್ಲೇ ನಕಲಿ ವೆಬ್‌ಸೈಟ್‌ಗಳು ಹುಟ್ಟಿಕೊಂಡವು. 2025ರ ಫೆಬ್ರುವರಿಯಲ್ಲಿ ಯುಜಿಸಿ ಈ ಪಟ್ಟಿಯನ್ನೂ ನಿಲ್ಲಿಸಿತು. ಮಾನದಂಡಗಳನ್ನು ಸೂಚಿಸಿ, ಪತ್ರಿಕೆಯ ಗುಣಮಟ್ಟ ನಿರ್ಧರಿಸುವ ಹೊಣೆಯನ್ನು ಆಯಾ ಶಿಕ್ಷಣ ಸಂಸ್ಥೆಗಳಿಗೇ ಬಿಟ್ಟಿತು.

ನಷ್ಟ ಯಾರಿಗೆ?

ನೇಮಕಾತಿ, ಬಡ್ತಿಯಲ್ಲಿ ಪ್ರಕಟಿತ ಲೇಖನಗಳಿಗೆ ಅಂಕವಿದೆ. ತಿಂಗಳುಗಟ್ಟಲೆ ಕಾದು, ತಿದ್ದಿ ಪ್ರಕಟಿಸಿದವರ ಎದುರು ದುಡ್ಡು ಕೊಟ್ಟು ಹತ್ತು ಲೇಖನ ಮಾಡಿಕೊಂಡವರು ಮುಂದೆ ಹೋಗುತ್ತಾರೆ. ಗೊತ್ತಿಲ್ಲದೆ ಸಿಕ್ಕಿಬಿದ್ದವರದು ಇನ್ನೊಂದು ಕಷ್ಟ: ಒಮ್ಮೆ ಪ್ರಕಟವಾದ ಲೇಖನವನ್ನು ಒಳ್ಳೆಯ ಪತ್ರಿಕೆಗಳು ಮತ್ತೆ ಸ್ವೀಕರಿಸುವುದಿಲ್ಲ. ವರ್ಷಗಳ ಶ್ರಮ ಅಲ್ಲೇ ಮುಗಿದಂತೆ.

ಕಳುಹಿಸುವ ಮುನ್ನ ಗಮನಿಸಿ

* ಪತ್ರಿಕೆಯ ಐಎಸ್ಎಸ್ಎನ್ ಸಂಖ್ಯೆಯನ್ನು ಅಧಿಕೃತ ಐಎಸ್ಎಸ್ಎನ್ ಪೋರ್ಟಲ್‌ನಲ್ಲಿ ಹುಡುಕಿ.

* ‘ಸ್ಕೋಪಸ್‌ನಲ್ಲಿದ್ದೇವೆ’ ಎಂದರೆ ನಂಬಬೇಡಿ, ಸ್ಕೋಪಸ್ ತಾಣದಲ್ಲೇ ನೋಡಿ.

* ಸಂಪಾದಕರ ಸಂಸ್ಥೆಯ ಪುಟದಲ್ಲಿ ಅವರ ಹೆಸರಿದೆಯೇ ಪರಿಶೀಲಿಸಿ. ಅನುಮಾನವಿದ್ದರೆ ಅವರಿಗೇ ಇಮೇಲ್ ಮಾಡಿ.

* ಶುಲ್ಕ ಕೇಳಿದ ಮಾತ್ರಕ್ಕೆ ಮೋಸವೆನ್ನಲಾಗದು. ಎಲ್ಲರಿಗೂ ಉಚಿತವಾಗಿ ಓದಲು ಸಿಗುವ ಹಲವು ಉತ್ತಮ ಪತ್ರಿಕೆಗಳೂ ಲೇಖಕರಿಂದ ಶುಲ್ಕ ಪಡೆಯುತ್ತವೆ. ಆದರೆ ಪರಿಶೀಲನೆಗೂ ಮೊದಲೇ ‘ಪ್ರಕಟಣೆ ಖಚಿತ’ ಎಂದರೆ ಅಲ್ಲಿಗೇ ಕೈಬಿಡಿ.