ಬಾಡಿಗೆ ಬರುವ ಮಳಿಗೆಯೋ, ಬೆಲೆ ಏರುವ ನಿವೇಶನವೋ?



ಭೂಸ್ವಾಧೀನದ ಪರಿಹಾರ ಬಂದಾಗ, ಒಂದು ತುಂಡು ಜಮೀನು ಮಾರಿದಾಗ ಅಥವಾ ಹಲವು ವರ್ಷಗಳ ಉಳಿತಾಯ ಒಟ್ಟಾದಾಗ, ಆ ಹಣವನ್ನು ಪಟ್ಟಣದ ಆಸ್ತಿಯಲ್ಲಿ ತೊಡಗಿಸುವ ಆಲೋಚನೆ ಅನೇಕ ಸದಸ್ಯರಿಗೆ ಬರುತ್ತದೆ. ಆಗ ಎರಡು ಬಗೆಯ ಸಲಹೆಗಳು ಕೇಳಿಬರುತ್ತವೆ. ತಾಲ್ಲೂಕು ಕೇಂದ್ರದಲ್ಲಿ ಮಳಿಗೆ ಕಟ್ಟಿಸಿ ಬಾಡಿಗೆಗೆ ಕೊಡಿ ಎನ್ನುತ್ತಾರೆ ಕೆಲವರು. ನಗರದ ಹೊರವಲಯದಲ್ಲಿ ನಿವೇಶನ ಕೊಂಡು ಸುಮ್ಮನಿರಿ, ಬೆಲೆ ತಾನಾಗಿಯೇ ಏರುತ್ತದೆ ಎನ್ನುತ್ತಾರೆ ಮತ್ತೆ ಕೆಲವರು. ಎರಡರಲ್ಲೂ ಸತ್ಯಾಂಶವಿದೆ. ನಮ್ಮ ಸಂಸಾರಕ್ಕೆ ಯಾವುದು ಹೊಂದುತ್ತದೆ ಎಂಬುದನ್ನು ಮಾತ್ರ ನಾವೇ ಲೆಕ್ಕ ಹಾಕಿ ತಿಳಿಯಬೇಕು.

ಎರಡು ಬಗೆಯ ಗಳಿಕೆ

ಬಾಡಿಗೆಯ ಮಳಿಗೆ ಕರೆಯುವ ಹಸುವಿದ್ದಂತೆ. ದಿನವೂ ಹಾಲು ಕೊಡುತ್ತದೆ, ಆದರೆ ಅದಕ್ಕೆ ಮೇವು, ಆರೈಕೆ ಬೇಕು. ಬೆಲೆ ಏರಲೆಂದು ಕೊಂಡ ನಿವೇಶನ ಹೆಣ್ಣುಗರುವಿದ್ದಂತೆ. ಬೆಳೆದ ಮೇಲೆ ಒಳ್ಳೆಯ ಬೆಲೆ ಬಂದೀತು, ಅಲ್ಲಿಯವರೆಗೆ ನಾವೇ ಸಾಕಬೇಕು. ಕೊಟ್ಟಿಗೆಯಲ್ಲಿ ಬರೀ ಕರುಗಳನ್ನೇ ಕಟ್ಟಿಕೊಂಡು ಸಂಸಾರ ನಡೆಸಲಾಗದು ಎಂಬುದು ನಮಗೆಲ್ಲ ಗೊತ್ತಿರುವ ವಿಷಯ.

ಒಂದು ಉದಾಹರಣೆ

ತಿಳಿವಳಿಕೆಗಾಗಿ ಒಂದು ಲೆಕ್ಕ ನೋಡೋಣ. ಕೈಯಲ್ಲಿ 30 ಲಕ್ಷ ರೂ. ಇದೆ ಎಂದುಕೊಳ್ಳಿ.

(ಅ) ಮಳಿಗೆ: ಮೂರು ಮಳಿಗೆಗಳಿಂದ ತಿಂಗಳಿಗೆ ಒಟ್ಟು 15,000 ರೂ., ವರ್ಷಕ್ಕೆ 1,80,000 ರೂ. ಬಾಡಿಗೆ. ಇದರಲ್ಲಿ ಖಾಲಿ ಬೀಳುವ ಅವಧಿಗೆ ಒಂದು ತಿಂಗಳ ಬಾಡಿಗೆ 15,000, ಸ್ಥಳೀಯ ತೆರಿಗೆ 8,000, ರಿಪೇರಿ ಮತ್ತು ಸುಣ್ಣಬಣ್ಣ 12,000 ಕಳೆಯಿರಿ. ಉಳಿಯುವುದು 1,45,000 ರೂ. ಬಾಯಲ್ಲಿ ಹೇಳುವಾಗ ಶೇ. 6 ಇದ್ದ ಆದಾಯ ಕೈಗೆ ಬರುವಾಗ ಶೇ. 5ಕ್ಕೂ ಸ್ವಲ್ಪ ಕಡಿಮೆಯಾಯಿತು.

(ಆ) ನಿವೇಶನ: ಆದಾಯವಿಲ್ಲ. ತೆರಿಗೆ, ಬೇಲಿ, ಗಿಡಗಂಟೆ ತೆಗೆಸುವುದಕ್ಕೆಂದು ವರ್ಷಕ್ಕೆ 5,000 ರೂ. ಖರ್ಚು.

ಈಗ ಹತ್ತು ವರ್ಷದ ಲೆಕ್ಕ. ನೆಲದ ಬೆಲೆ ಏರಿದರೂ ಕಟ್ಟಡ ಹಳೆಯದಾಗುತ್ತದೆ. ಆದ್ದರಿಂದ ಮಳಿಗೆಯ ಬೆಲೆ ವರ್ಷಕ್ಕೆ ಶೇ. 3ರಂತೆ ಮಾತ್ರ ಏರಿತೆಂದರೆ ಅದು 40.3 ಲಕ್ಷವಾಗುತ್ತದೆ. ಬಾಡಿಗೆಯ 14.5 ಲಕ್ಷ ಸೇರಿ ಒಟ್ಟು 54.8 ಲಕ್ಷ. ನಿವೇಶನದ ಬೆಲೆ ವರ್ಷಕ್ಕೆ ಶೇ. 8ರಂತೆ ಏರಿದರೆ, ಖರ್ಚು ಕಳೆದು 64.3 ಲಕ್ಷ. ಶೇ. 5ರಂತೆ ಏರಿದರೆ 48.4 ಲಕ್ಷ ಮಾತ್ರ. ಮಳಿಗೆಗೆ ಸರಿಸಮನಾಗಬೇಕಾದರೆ ನಿವೇಶನದ ಬೆಲೆ ಹತ್ತು ವರ್ಷವೂ ಸರಾಸರಿ ಶೇ. 6.3ರಂತೆ ಏರಬೇಕು. ಈ ಲೆಕ್ಕದಲ್ಲಿ ಬಾಡಿಗೆಯ ಏರಿಕೆ, ಬಂದ ಬಾಡಿಗೆಯ ಮೇಲಿನ ಬಡ್ಡಿ ಹಾಗೂ ಆದಾಯ ತೆರಿಗೆಯನ್ನು ಸೇರಿಸಿಲ್ಲ. ಸದಸ್ಯರು ತಮ್ಮ ಊರಿನ ಬೆಲೆ, ಬಾಡಿಗೆಗಳನ್ನು ಹಾಕಿ ಇದೇ ರೀತಿ ಲೆಕ್ಕ ಮಾಡಬಹುದು.

ಸಾಲ ಮಾಡಿ ಕೊಳ್ಳುವಾಗ

ಮೇಲಿನ 30 ಲಕ್ಷದಲ್ಲಿ 10 ಲಕ್ಷ ಸಾಲವಾಗಿದ್ದರೆ ಚಿತ್ರ ಬದಲಾಗುತ್ತದೆ. ಶೇ. 10ರ ಬಡ್ಡಿಯಲ್ಲಿ ಹತ್ತು ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 13,200 ರೂ. ಮಳಿಗೆಯಿಂದ ಖರ್ಚು ಕಳೆದು ತಿಂಗಳಿಗೆ ಸುಮಾರು 12,000 ರೂ. ಬರುವುದರಿಂದ ಕೈಯಿಂದ ಹಾಕಬೇಕಾದದ್ದು 1,200 ರೂ. ನಿವೇಶನವಾದರೆ ಪೂರ್ತಿ 13,200 ರೂಪಾಯಿಯೂ ಹಾಲಿನ ಬಟವಾಡೆಯಿಂದಲೇ ಹೋಗಬೇಕು. ಹಸು ಗಬ್ಬವಾಗಿ ಹಾಲು ಬತ್ತಿದಾಗ, ಕೆಚ್ಚಲು ಬಾವು ಅಥವಾ ಕಾಲುಬಾಯಿ ಜ್ವರ ಬಂದಾಗ ಬಟವಾಡೆ ಇಳಿಯುತ್ತದೆ, ಕಂತು ಇಳಿಯುವುದಿಲ್ಲ. ಆಗ ಮೊದಲು ಕಡಿಮೆಯಾಗುವುದು ಪಶು ಆಹಾರ, ಆಮೇಲೆ ಮಾರಾಟವಾಗುವುದು ಹಸು. ಕೊನೆಗೆ ನಿವೇಶನವನ್ನೇ ಬಂದ ಬೆಲೆಗೆ ಮಾರಬೇಕಾಗುತ್ತದೆ. ಅವಸರದಲ್ಲಿ ಮಾರುವವನಿಗೆ ಏರಿದ ಬೆಲೆ ಸಿಗುವುದಿಲ್ಲ.

ಬೆಲೆ ಏರುವುದು ಯಾವಾಗ?

ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವಾಗಬೇಕೆಂಬ ಶಿಫಾರಸು ಬಂದದ್ದು 1991ರಲ್ಲಿ. ಕಾಮಗಾರಿ ಆರಂಭವಾದದ್ದು 2005ರಲ್ಲಿ, ನಿಲ್ದಾಣ ತೆರೆದದ್ದು 2008ರ ಮೇ ತಿಂಗಳಲ್ಲಿ. ಸುತ್ತಲಿನ ನೆಲಕ್ಕೆ ಬೆಲೆ ಬಂದದ್ದು ನಿಜ. ಆದರೆ ಮಾತಿಗೂ ವಿಮಾನಕ್ಕೂ ನಡುವೆ ಹದಿನೇಳು ವರ್ಷ ಕಳೆದಿತ್ತು. ಬೆಂಗಳೂರಿನ ಪೆರಿಫೆರಲ್ ವರ್ತುಲ ರಸ್ತೆಗೆ 2007ರಲ್ಲಿ ಅಂತಿಮ ಅಧಿಸೂಚನೆಯಾದರೂ ಹತ್ತು ವರ್ಷ ಮೀರಿದ ಮೇಲೂ ರಸ್ತೆ ಆಗಲಿಲ್ಲ. ಆದ್ದರಿಂದ "ಇಲ್ಲಿ ರಸ್ತೆ ಬರುತ್ತದೆ, ಕಾರ್ಖಾನೆ ಬರುತ್ತದೆ" ಎಂಬ ಮಾತನ್ನು ನಂಬಿ ಹಣ ಹಾಕುವವರು ಅಷ್ಟು ಕಾಲ ಕಾಯುವ ಶಕ್ತಿ ತಮಗಿದೆಯೇ ಎಂದು ಮೊದಲು ಯೋಚಿಸಬೇಕು.

ಗಮನಿಸಬೇಕಾದ ಅಂಶಗಳು

1. ಮಳಿಗೆ ಕಟ್ಟಿಸುವ ಮುನ್ನ ಆ ಬೀದಿಯಲ್ಲಿ ಈಗಿರುವ ಮಳಿಗೆಗಳ ಬಾಡಿಗೆ ಎಷ್ಟು, ಎಷ್ಟು ಮಳಿಗೆ ಖಾಲಿ ಇವೆ ಎಂಬುದನ್ನು ನಾವೇ ಹೋಗಿ ವಿಚಾರಿಸಬೇಕು.

2. ಮುಂಗಡವಾಗಲಿ, ಭೋಗ್ಯದ ಹಣವಾಗಲಿ ಆದಾಯವಲ್ಲ. ಅದು ಹಿಂದಿರುಗಿಸಬೇಕಾದ ಹಣ. ಅದನ್ನು ಮದುವೆ ಮುಂಜಿಗೆ ಖರ್ಚು ಮಾಡಬಾರದು.

3. ಬಾಡಿಗೆ ಕರಾರನ್ನು ಬರೆಸಿಕೊಳ್ಳಬೇಕು. ಒಂದು ವರ್ಷಕ್ಕೆ ಮೀರಿದ ಅವಧಿಯ ಕರಾರಿಗೆ ನೋಂದಣಿ ಕಡ್ಡಾಯ. 11 ತಿಂಗಳ ಕರಾರು ರೂಢಿಗೆ ಬಂದದ್ದು ಇದರಿಂದಲೇ.

4. ಬಾಡಿಗೆಗೆ ಆದಾಯ ತೆರಿಗೆ ಲೆಕ್ಕ ಮಾಡುವಾಗ, ಕಟ್ಟಿದ ಸ್ಥಳೀಯ ತೆರಿಗೆ ಕಳೆದು ಉಳಿದುದರಲ್ಲಿ ಶೇ. 30ರಷ್ಟನ್ನು ರಿಪೇರಿ ಮುಂತಾದ ಖರ್ಚಿಗೆಂದು ಬಿಡಲಾಗುತ್ತದೆ. ಈಗ ಕೊಂಡ ನಿವೇಶನವನ್ನು ಎರಡು ವರ್ಷ ಕಳೆದ ಮೇಲೆ ಮಾರಿದರೆ, 2024ರ ಜುಲೈ 23ರಿಂದ ಜಾರಿಗೆ ಬಂದ ನಿಯಮದಂತೆ ಲಾಭದ ಮೇಲೆ ಶೇ. 12.5 ತೆರಿಗೆ ಇದೆ.

5. ಭೂಪರಿವರ್ತನೆಯ ಆದೇಶ, ಅನುಮೋದಿತ ಬಡಾವಣೆ ನಕ್ಷೆ, ಇ-ಖಾತೆ, ಋಣಭಾರ ಪ್ರಮಾಣಪತ್ರ ನೋಡದೆ ಮುಂಗಡ ಕೊಡಬಾರದು. ಪರಿವರ್ತನೆಯಾಗದ ರೆವಿನ್ಯೂ ಸೈಟು ಕಡಿಮೆ ಬೆಲೆಗೆ ಸಿಕ್ಕರೂ ಅದರ ಮೇಲೆ ಬ್ಯಾಂಕ್ ಸಾಲ ಸುಲಭವಾಗಿ ದೊರೆಯದು, ಮಾರುವಾಗ ಕೊಳ್ಳುವವರೂ ಹಿಂಜರಿಯುತ್ತಾರೆ.

ಒಟ್ಟಿನಲ್ಲಿ, ಮನೆ ಖರ್ಚು ಅಥವಾ ಸಾಲದ ಕಂತು ಆ ಆಸ್ತಿಯಿಂದಲೇ ನಡೆಯಬೇಕೆಂದಿದ್ದರೆ ಬಾಡಿಗೆ ಬರುವ ಆಸ್ತಿಯನ್ನೇ ಆರಿಸುವುದು ಕ್ಷೇಮ. ಹತ್ತು ಹದಿನೈದು ವರ್ಷ ಮುಟ್ಟದೆ ಇಡಬಹುದಾದ, ಸಾಲವಲ್ಲದ ಸ್ವಂತ ಹಣವಿದ್ದರೆ ಮಾತ್ರ ಬೆಲೆ ಏರಿಕೆಯನ್ನು ನಂಬಿ ನಿವೇಶನ ಕೊಳ್ಳಬಹುದು. ಎರಡರಲ್ಲಿ ಯಾವುದಕ್ಕೆ ಕೈಹಾಕಿದರೂ ಹಸುಗಳ ಮೇವಿನ ಹಣವನ್ನು ಅದಕ್ಕೆ ಸೇರಿಸಬೇಡಿ. ಸದಸ್ಯರು ಮನೆಯವರೆಲ್ಲರೊಂದಿಗೆ ಕುಳಿತು, ಕಾಗದದ ಮೇಲೆ ಲೆಕ್ಕ ಬರೆದು ನೋಡಿ, ಆನಂತರ ತೀರ್ಮಾನ ಕೈಗೊಳ್ಳಬೇಕಾಗಿ ಕೋರಿಕೆ.