ಬೀಗದ ಕೈ ಯಾರ ಕೈಗೆ?

2024ರ ಮಾರ್ಚ್ ತಿಂಗಳ ಕೊನೆಯ ದಿನಗಳು. ಮೈಕ್ರೊಸಾಫ್ಟ್ ಕಂಪೆನಿಯ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಒಂದು ಕಂಪ್ಯೂಟರಿನ ಕೆಲಸದ ವೇಗವನ್ನು ಅಳೆಯುತ್ತಿದ್ದರು. ದೂರದಿಂದ ಅದರೊಳಗೆ ಪ್ರವೇಶಿಸಲು ಎಂದಿನ 0.3 ಸೆಕೆಂಡಿನ ಬದಲು 0.8 ಸೆಕೆಂಡ್ ಹಿಡಿಯಿತು. ಅರ್ಧ ಸೆಕೆಂಡ್ ತಡವಾದದ್ದನ್ನು ಬೇರೆಯವರಾದರೆ ಗಮನಿಸುತ್ತಲೂ ಇರಲಿಲ್ಲವೇನೋ. ಫ್ರಾಯಿಂಡ್ ಕಾರಣ ಹುಡುಕಹೊರಟರು. ಕಂಡದ್ದು ಒಂದು ಕಳ್ಳಬಾಗಿಲು!

ಅದು ಅಡಗಿದ್ದುದು 'ಎಕ್ಸ್‌ಝಡ್' ಎಂಬ ಪುಟ್ಟ ತಂತ್ರಾಂಶದಲ್ಲಿ. ದೊಡ್ಡ ಕಡತಗಳನ್ನು ಒತ್ತಿ ಚಿಕ್ಕದಾಗಿಸುವುದಷ್ಟೇ ಅದರ ಕೆಲಸ. ಆದರೆ ಲಿನಕ್ಸ್ ಇರುವ ಕಡೆಯಲ್ಲೆಲ್ಲ ಬಹುತೇಕ ಅದೂ ಇರುತ್ತದೆ. ಫಿನ್ಲೆಂಡಿನ ಲಾಸ್ಸೆ ಕಾಲಿನ್ ಅದನ್ನು ಹಲವಾರು ವರ್ಷ ಹೆಚ್ಚುಕಡಿಮೆ ಒಬ್ಬರೇ, ಸಂಬಳವಿಲ್ಲದೆ ನೋಡಿಕೊಂಡು ಬಂದಿದ್ದರು.

ಮುಕ್ತ ತಂತ್ರಾಂಶವನ್ನು ಯಾರು ಬೇಕಾದರೂ ಓದಬಹುದು, ನಕಲು ಮಾಡಿಕೊಳ್ಳಬಹುದು, ತಿದ್ದಿಕೊಳ್ಳಬಹುದು. ಆದರೆ ಎಲ್ಲರೂ ಬಳಸುವ ಮೂಲಪ್ರತಿಗೆ ಯಾವ ತಿದ್ದುಪಡಿ ಸೇರಬೇಕೆಂದು ತೀರ್ಮಾನಿಸಲು ಒಬ್ಬರು ಬೇಕಲ್ಲ? ಅವರೇ ಉಸ್ತುವಾರಿ. ಅಪರಿಚಿತರು ಕಳಿಸಿದ್ದನ್ನು ಸಾಲು ಸಾಲಾಗಿ ಓದಬೇಕು, ದೂರುಗಳಿಗೆ ಉತ್ತರಿಸಬೇಕು, ಹೊಸ ಆವೃತ್ತಿ ಹೊರತರಬೇಕು. ಬಳಸುವವರು ಹೆಚ್ಚಿದಂತೆ ದೂರುಗಳೂ ಹೆಚ್ಚುತ್ತವೆ. ಉಸ್ತುವಾರಿಗೆ ಮಾತ್ರ ದಿನಕ್ಕೆ ಅದೇ 24 ಗಂಟೆ.

2021ರ ಕೊನೆಯಲ್ಲಿ 'ಜಿಯಾ ಟಾನ್' ಎಂಬ ಹೆಸರಿನಲ್ಲಿ ಎಕ್ಸ್‌ಝಡ್‌ಗೆ ತಿದ್ದುಪಡಿಗಳು ಬರತೊಡಗಿದವು. ಕೆಲಸ ಅಚ್ಚುಕಟ್ಟಾಗಿತ್ತು. 2022ರಲ್ಲಿ ಮತ್ತೆ ಕೆಲವು ಹೊಸ ಹೆಸರುಗಳು ಕಾಣಿಸಿಕೊಂಡು, ಎಲ್ಲವೂ ತಡವಾಗುತ್ತಿದೆ, ಆಗದಿದ್ದರೆ ಹೊಣೆಯನ್ನು ಬೇರೆಯವರಿಗೆ ಬಿಟ್ಟುಕೊಡಿ ಎಂದು ಕಾಲಿನ್ ಅವರನ್ನು ಪೀಡಿಸಿದವು. ಇದು ಸಂಬಳವಿಲ್ಲದ ಹವ್ಯಾಸದ ಕೆಲಸವೆಂಬುದನ್ನು ಅವರು ನೆನಪಿಸಿದರು; ಮುಂದೆ ಜಿಯಾ ಟಾನ್‌ಗೆ ಹೆಚ್ಚಿನ ಪಾತ್ರ ಸಿಗಬಹುದೆಂದೂ ಸೂಚಿಸಿದರು. 2023ರ ಹೊತ್ತಿಗೆ ಹೊಸ ಆವೃತ್ತಿಗಳನ್ನು ಜಿಯಾ ಟಾನ್ ಹೊರತರುವಂತಾಗಿತ್ತು. ಪೀಡಿಸಿದವರು ಆ ವೇಳೆಗೆ ಮಾಯ. ಅವರೂ ಒಂದೇ ಕೂಟದವರೆಂಬ ಗುಮಾನಿ ಬಲವಾಗಿದೆ. 2024ರ ಫೆಬ್ರುವರಿಯ 5.6.0 ಆವೃತ್ತಿಯಲ್ಲಿ ಕಳ್ಳಬಾಗಿಲು ಸೇರಿತು. ಅದರ ಗುಪ್ತ ಕೀಲಿ ಇದ್ದವರು ದೂರದಲ್ಲೇ ಕುಳಿತು ಅನ್ಯರ ಕಂಪ್ಯೂಟರನ್ನು ಆಳಬಹುದಿತ್ತು. ಹೆಚ್ಚಾಗಿ ಪ್ರಯೋಗದ ಹಂತದ ಲಿನಕ್ಸ್ ಆವೃತ್ತಿಗಳಿಗೆ ತಲುಪಿದ್ದಾಗಲೇ ಸಿಕ್ಕಿಬಿದ್ದದ್ದು ಪುಣ್ಯ. ಜಿಯಾ ಟಾನ್ ಎಂಬ ಹೆಸರಿನ ಹಿಂದೆ ಇದ್ದವರು ಯಾರೆಂಬುದು ಸಾಬೀತಾಗಿಲ್ಲ.

ಕಾಲಿನ್ ಅವರನ್ನು ದೂರುವುದು ಸುಲಭ. ಆದರೆ ದಣಿದವರಿಗೆ ಎಲ್ಲರೂ ಹೇಳುವ ಬುದ್ಧಿಮಾತು, ಜೊತೆಗೊಬ್ಬರನ್ನು ಸೇರಿಸಿಕೊಳ್ಳಿ ಎಂಬುದೇ ತಾನೇ? ಅವರು ಅದನ್ನೇ ಮಾಡಿದ್ದರು. ಕೊರತೆ ಇದ್ದುದು ಬೇರೆಡೆ. ಬೀಗದ ಕೈ ಇನ್ನೊಬ್ಬರಿಗೂ ಸಿಕ್ಕಿತು. ಆ ಇನ್ನೊಬ್ಬರು ಮಾಡಿದ್ದನ್ನು ಪರೀಕ್ಷಿಸಲು ಮೂರನೆಯವರು ಇರಲಿಲ್ಲ.

ದೊಡ್ಡ ಯೋಜನೆಗಳಿಗೆ ಈ ಅನುಕೂಲವಿದೆ. ಪೈಥಾನ್ ಭಾಷೆಯ ಜನಕ ಗಿಡೋ ವಾನ್ ರಾಸಮ್, ಒಂದು ತಿದ್ದುಪಡಿಯ ಕುರಿತ ಜಗಳದಿಂದ ಬೇಸತ್ತು 2018ರ ಜುಲೈಯಲ್ಲಿ ಅಂತಿಮ ತೀರ್ಮಾನದ ಹೊಣೆಯಿಂದ ಕೆಳಗಿಳಿದರು. ಉತ್ತರಾಧಿಕಾರಿಯನ್ನು ಅವರು ಹೆಸರಿಸಲಿಲ್ಲ. ಮರುವರ್ಷ ಐವರ ಮಂಡಳಿಯೊಂದು ಚುನಾಯಿತವಾಯಿತು. ಒಂದೇ ಕಂಪೆನಿಯ ಇಬ್ಬರಿಗಿಂತ ಹೆಚ್ಚು ಮಂದಿ ಅದರಲ್ಲಿ ಇರಕೂಡದು. ಲಿನಕ್ಸ್‌ನಲ್ಲಿ ಒಂದೊಂದು ಭಾಗಕ್ಕೂ ಉಸ್ತುವಾರಿಗಳಿದ್ದು, ತಿದ್ದುಪಡಿಗಳು ಅವರ ಕೈ ದಾಟಿಯೇ ಲೈನಸ್ ಟೋರ್ವಾಲ್ಡ್ಸ್ ಅವರನ್ನು ತಲುಪುತ್ತವೆ. 2018ರ ಸೆಪ್ಟೆಂಬರಿನಲ್ಲಿ ಲೈನಸ್ ಬಿಡುವು ಪಡೆದಾಗ ಗ್ರೆಗ್ ಕ್ರೋಹ್-ಹಾರ್ಟ್‌ಮನ್ ಅಕ್ಟೋಬರಿನಲ್ಲಿ 4.19 ಆವೃತ್ತಿಯನ್ನು ಹೊರತಂದರು. ಬಳಸುವವರಿಗೆ ವ್ಯತ್ಯಾಸವೇ ತಿಳಿಯಲಿಲ್ಲ.

ಎಕ್ಸ್‌ಝಡ್‌ನಂಥ ಪುಟ್ಟ ಯೋಜನೆಗೆ ಐವರನ್ನು ತರುವುದು ಎಲ್ಲಿಂದ? 2024ರ ಮೇ ಕೊನೆಯಲ್ಲಿ ಕಳ್ಳಬಾಗಿಲು ತೆಗೆದ 5.6.2 ಆವೃತ್ತಿ ಹೊರಬಂತು. ಅದನ್ನು ಹೊರತಂದವರು ಮತ್ತೆ ಲಾಸ್ಸೆ ಕಾಲಿನ್ ಅವರೇ.