ಅಳಗುಳಿಮಣೆಯಿಂದ ಗಣಕಯಂತ್ರಕ್ಕೆ

ಆಟವನ್ನು ಆಡುವ ವಿದ್ಯಾರ್ಥಿಗೂ ಆಟವನ್ನು ರಚಿಸುವ ವಿದ್ಯಾರ್ಥಿಗೂ ಬಹಳ ಅಂತರವುಂಟು. ಮೊದಲನೆಯವನು ಪರರು ವಿಧಿಸಿದ ನಿಯಮಗಳೊಳಗೆ ಚಲಿಸುತ್ತಾನೆ. ಎರಡನೆಯವನು ಆ ನಿಯಮಗಳನ್ನೇ ವಿಚಾರಿಸಿ ನಿಶ್ಚಯಿಸಬೇಕಾಗುತ್ತದೆ. ಗಣಕಯಂತ್ರದ ಆಟಗಳಲ್ಲಿ ಮಕ್ಕಳ ವೇಳೆ ವ್ಯರ್ಥವಾಗುತ್ತದೆಂಬ ಪೋಷಕರ ಆತಂಕ ನಿರಾಧಾರವಲ್ಲ. ಆದರೆ ಅಂತಹ ಆಟವೊಂದನ್ನು ರಚಿಸುವ ಕಾರ್ಯವು ಶಿಸ್ತಿನ ಚಿಂತನೆಗೆ ಉತ್ತಮ ಸಾಧನವಾಗಬಲ್ಲುದು.

1962ರಲ್ಲಿ ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ಸ್ಟೀವ್ ರಸೆಲ್ ಮತ್ತು ಅವರ ಗೆಳೆಯರು ಪಿಡಿಪಿ-1 ಎಂಬ ಯಂತ್ರಕ್ಕಾಗಿ 'ಸ್ಪೇಸ್‌ವಾರ್' ಆಟವನ್ನು ರಚಿಸಿದರು. ಯಂತ್ರದ ಸಾಮರ್ಥ್ಯವನ್ನು ತೋರಿಸಬೇಕೆಂಬ ಹಂಬಲವೇ ಅದಕ್ಕೆ ಪ್ರೇರಣೆ. ನಮ್ಮ ದೇಶದಲ್ಲಿ 1984-85ರಲ್ಲಿ 'ಕ್ಲಾಸ್' ಯೋಜನೆಯ ಮೂಲಕ ಆಯ್ದ ಶಾಲೆಗಳಿಗೆ ಬಿ.ಬಿ.ಸಿ. ಮೈಕ್ರೋ ಗಣಕಯಂತ್ರಗಳು ಬಂದವು. ಇಂದು ಸಾಧನಗಳು ಸುಲಭವಾಗಿವೆ. 2007ರಲ್ಲಿ ಎಂ.ಐ.ಟಿ.ಯೇ ಹೊರತಂದ 'ಸ್ಕ್ರ್ಯಾಚ್' ಉಚಿತವಾಗಿ ದೊರೆಯುತ್ತದೆ. ಅದರಲ್ಲಿ ಆದೇಶಗಳನ್ನು ಇಟ್ಟಿಗೆಗಳಂತೆ ಜೋಡಿಸಬಹುದು.

ಗೋವಿನಕೋವಿಯಂತಹ ಗ್ರಾಮದ ವಿದ್ಯಾರ್ಥಿಗಳು ಆಟದ ವಸ್ತುವನ್ನರಸಿ ದೂರ ಹೋಗಬೇಕಾಗಿಲ್ಲ. ಏಳೇಳು ಕುಳಿಗಳ ಎರಡು ಸಾಲುಳ್ಳ ಅಳಗುಳಿಮಣೆಯೇ ಸಾಕು. ಈ ಕಾರ್ಯದ ಮೊದಲ ಹೆಜ್ಜೆ ಗಣಕಯಂತ್ರದ ಕೊಠಡಿಯಲ್ಲಲ್ಲ, ಮನೆಯ ಹಿರಿಯರ ಬಳಿಯಲ್ಲಿದೆ. ಕೆಲವರು ಕುಳಿಗೆ ನಾಲ್ಕು ಹುಣಸೆಬೀಜ ಹಾಕುತ್ತಾರೆ, ಕೆಲವರು ಐದು. ಕೈಯ ಬೀಜ ಮುಗಿದಾಗ ಮುಂದಿನ ಕುಳಿ ಬರಿದಾಗಿದ್ದರೆ ಏನು ಮಾಡಬೇಕು? ಒಂದರ ಹಿಂದೊಂದು ಎರಡು ಕುಳಿಗಳು ಬರಿದಾಗಿದ್ದರೆ ಸರದಿ ಯಾರದು? ಮನುಷ್ಯರು ಇವನ್ನು ಆಡುತ್ತಲೇ ಬಗೆಹರಿಸಿಕೊಳ್ಳುತ್ತಾರೆ, ಯಂತ್ರವು ಊಹಿಸುವುದಿಲ್ಲ. ಆದ್ದರಿಂದ ಪ್ರತಿಯೊಂದು ಸಂದರ್ಭಕ್ಕೂ ಒಂದೊಂದು ಉತ್ತರವನ್ನು ಮೊದಲೇ ನೋಟ್‌ಪುಸ್ತಕದಲ್ಲಿ ಬರೆದಿಡಬೇಕು.

ಅನಂತರ ಪ್ರೋಗ್ರಾಂ ರಚನೆ. ಹದಿನಾಲ್ಕು ಕುಳಿಗಳಿಗೆ 0ಯಿಂದ 13ರವರೆಗೆ ಸಂಖ್ಯೆ ಕೊಡಲಾಗುತ್ತದೆ. 13ರ ಮುಂದಿನ ಕುಳಿ ಮತ್ತೆ 0 ಆಗಬೇಕು. ಕುಳಿಯ ಸಂಖ್ಯೆಗೆ ಒಂದನ್ನು ಕೂಡಿಸಿ, 14ರಿಂದ ಭಾಗಿಸಿ, ಶೇಷವನ್ನು ತೆಗೆದುಕೊಂಡರೆ ಈ ಸುತ್ತು ತಾನಾಗಿಯೇ ಸಿದ್ಧಿಸುತ್ತದೆ. ಗಣಿತದ ತರಗತಿಯಲ್ಲಿ ನಿಷ್ಪ್ರಯೋಜಕವೆನಿಸಿದ್ದ ಶೇಷಕ್ಕೆ ಇಲ್ಲಿ ಕೆಲಸ ದೊರೆಯುತ್ತದೆ.

ಮೂರನೆಯದು ಪರೀಕ್ಷೆ. ಕುಳಿಗೆ ಐದರಂತೆ ಒಟ್ಟು ಬೀಜಗಳು 70. ಪ್ರತಿ ನಡೆಯ ಕೊನೆಗೆ ಕುಳಿಗಳಲ್ಲಿರುವುದನ್ನೂ ಇಬ್ಬರು ಗೆದ್ದಿರುವುದನ್ನೂ ಕೂಡಿಸಿದರೆ 70 ಆಗಲೇಬೇಕು. 69 ಬಂದರೆ ಪ್ರೋಗ್ರಾಮಿನಲ್ಲಿ ಎಲ್ಲಿಯೋ ಒಂದು ಬೀಜ ಕಳೆದಿದೆ. ಉಪಾಧ್ಯಾಯರು ಗದರಿಸಬೇಕಾಗಿಲ್ಲ, ಲೆಕ್ಕವೇ ತಪ್ಪನ್ನು ಹೇಳುತ್ತದೆ, ವಿದ್ಯಾರ್ಥಿಯೇ ಹುಡುಕಿ ತಿದ್ದುತ್ತಾನೆ. ಬಣ್ಣ, ಚಿತ್ರ, ಧ್ವನಿಗಳ ಸರದಿ ಇದಾದ ಮೇಲೆ. ಅವುಗಳಿಂದಲೇ ಆರಂಭಿಸಿದ ಕೆಲಸ ಬಹುಮಟ್ಟಿಗೆ ಅರ್ಧಕ್ಕೇ ನಿಲ್ಲುತ್ತದೆ.

ಕೆಲಸದ ಹೆಚ್ಚಿನ ಪಾಲು ಕಾಗದದ ಮೇಲೆಯೇ ನಡೆಯುವುದರಿಂದ ನಾಲ್ಕೈದು ಮಂದಿಗೆ ಒಂದು ಯಂತ್ರ ಸಾಲುತ್ತದೆ. ಒಬ್ಬರು ನಿಯಮ ಸಂಗ್ರಹಿಸಲಿ, ಒಬ್ಬರು ಆದೇಶ ಬರೆಯಲಿ, ಒಬ್ಬರು ಚಿತ್ರ ಬಿಡಿಸಲಿ, ಮತ್ತೊಬ್ಬರು ಪರೀಕ್ಷಿಸಲಿ. ದಾನಿಗಳು ಶಾಲೆಗೆ ಕೊಟ್ಟ ಗಣಕಯಂತ್ರವು ಬೀಗದೊಳಗಿದ್ದರೂ ಹಳತಾಗುತ್ತದೆ, ಬಳಸಿದರೂ ಹಳತಾಗುತ್ತದೆ. ಬಳಸಿದಾಗ ಮಾತ್ರ ವಿದ್ಯೆ ಉಳಿಯುತ್ತದೆ. ಅದರೊಡನೆ ಅಜ್ಜಿಯರ ನೆನಪಿನಲ್ಲಷ್ಟೇ ಇರುವ ನಿಯಮಗಳೂ ಬರೆಹಕ್ಕೆ ಬರುತ್ತವೆ. ತಿಳಿದವರು ಇರುವಾಗಲೇ ಕೇಳಿ ಬರೆದುಕೊಳ್ಳುವುದು ಇಂದಿನ ವಿದ್ಯಾರ್ಥಿಗಳು ಕೈಗೊಳ್ಳಬೇಕಾದ ಕಾಯಕ.